ಎಷ್ಟು ಎಚ್‌ಪಿ ಪಂಪು, ಮೇಷ್ಟ್ರೇ?

ಪಂಪು ಅಂದ ಕೂಡಲೇ ನಮ್ಮ ಚಿಕ್ಕಮಗಳೂರಿನವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಎಚ್‌ಪಿ?" ಮೊನ್ನೆ ಐ.ಜಿ. ರಸ್ತೆಯಲ್ಲಿ ಕಾಫಿ ಕುಡಿಯುತ್ತಾ, ಎಲ್ಲೋ ಒಂದು ಸರ್ಕಾರಿ ವಿಶ್ವವಿದ್ಯಾಲಯ ನೋವು ಕಡಿಮೆ ಮಾಡುವ ಪಂಪನ್ನು ಒಂದೇ ಕಂಪನಿಯಿಂದ ಕೊಳ್ಳುತ್ತಿದೆಯಂತೆ, ಬೇರೆ ಯಾರನ್ನೂ ಕೇಳುವುದಿಲ್ಲವಂತೆ ಅಂದೆ. ಎದುರಿಗಿದ್ದ ತೋಟದ ಗೌಡರು ಕಪ್ ಕೆಳಗಿಟ್ಟರು. "ಕಾಫಿ ಹೂವಿಗೆ ಬೇಕಾದ ಹೂಮಳೆ ಕೈಕೊಟ್ಟರೆ ನಮಗೂ ನೋವೇ ಮೇಷ್ಟ್ರೇ. ಸ್ಪ್ರಿಂಕ್ಲರ್‌ಗೆ ಆಗುತ್ತಾ ಕೇಳಿ."

ಇದು ಹೊಟ್ಟೆಯ ಚರ್ಮದ ಕೆಳಗೆ ಕೂರಿಸುವ ಪಂಪು ಗೌಡ್ರೇ, ಅಂದೆ. ನಿಪ್ಪಟ್ಟಿನಷ್ಟು ಅಗಲ, ಅದಕ್ಕಿಂತ ದಪ್ಪ. ಒಳಗೆ 20 ಅಥವಾ 40 ಮಿಲಿ ಔಷಧ. ಅಲ್ಲಿಂದ ಸಣ್ಣ ಕೊಳವೆ ಬೆನ್ನುಹುರಿಯ ಸುತ್ತಲಿನ ನೀರಿಗೆ. ಅಫೀಮಿನಿಂದ ತೆಗೆಯುವ ನೋವಿನ ಔಷಧ ಮಾರ್ಫಿನ್ ಅನ್ನು ಬಾಯಲ್ಲಿ 300 ಮಿಲಿಗ್ರಾಂ ನುಂಗಿ ಆಗುವ ಕೆಲಸ ಅಲ್ಲಿ ಸುಮಾರು 1 ಮಿಲಿಗ್ರಾಂನಲ್ಲೇ ಆಗುತ್ತದೆ. ಖಾಲಿಯಾದಾಗ ಚರ್ಮದ ಮೇಲಿಂದಲೇ ಸೂಜಿ ಚುಚ್ಚಿ ತುಂಬಿಸುತ್ತಾರೆ. ಕ್ಯಾನ್ಸರ್ ನೋವಿನಲ್ಲಿ ನರಳುವವರಿಗೆ ದೊಡ್ಡ ಉಪಕಾರ, ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಕಾಗದದ ಬಗ್ಗೆ. ಒಬ್ಬರಿಂದಲೇ ಕೊಳ್ಳಬೇಕಾದರೆ "ಇದು ಬಿಟ್ಟು ಬೇರೆ ಯಾವುದೂ ಆಗುವುದಿಲ್ಲ" ಅಂತ ಒಂದು ಪ್ರಮಾಣಪತ್ರ ಬರೆಯಬೇಕು. ಬರೆಯುವವರು ಯಾರು? ಅದೇ ಬೇಕು ಅಂತ ಕೂತವರು! ಕಂಪನಿಯ ಕರಪತ್ರ ಪಕ್ಕದಲ್ಲಿಟ್ಟುಕೊಂಡು ಇಷ್ಟು ಅಗಲ, ಇಷ್ಟು ತೂಕ, ಇಂಥದ್ದೇ ರಿಮೋಟು ಅಂತ ಬರೆದರೆ ಆಯಿತು. ವಧು ಬೇಕಾಗಿದ್ದಾಳೆ, ಎತ್ತರ 5 ಅಡಿ 3 ಇಂಚು, ಬಲಗೆನ್ನೆಯಲ್ಲಿ ಮಚ್ಚೆ ಇರತಕ್ಕದ್ದು, ತಂದೆಯು ನಮ್ಮ ತಾಯಿಯ ತಮ್ಮನಾಗಿರತಕ್ಕದ್ದು, ಆಸಕ್ತರೆಲ್ಲರೂ ಅರ್ಜಿ ಹಾಕಬಹುದು ಅಂದ ಹಾಗೆ.

ನಮ್ಮಲ್ಲೂ ಇದಕ್ಕೆ ದಾರಿ ಇದೆ, ಬೇಜಾರು ಬೇಡ. ಸರ್ಕಾರಿ ಖರೀದಿಗೆ ಇರುವ 1999ರ ಕೆಟಿಪಿಪಿ ಕಾಯ್ದೆ, ಹೆಸರಲ್ಲೇ ಪಾರದರ್ಶಕತೆ ಇರುವಂಥದ್ದು, ಟೆಂಡರ್ ಕರೆಯಲೇಬೇಕು ಅನ್ನುತ್ತದೆ. ಆಮೇಲೆ 4ನೇ ಸೆಕ್ಷನ್‌ನಲ್ಲಿ ಸಾಲಾಗಿ ಕಿಟಕಿ ತೆಗೆದಿಡುತ್ತದೆ. ವಸ್ತು ಒಬ್ಬರ ಹತ್ತಿರ ಮಾತ್ರ ಸಿಗುತ್ತದೆ ಅಂತ ಮೂವರು ತಜ್ಞರು ಹೇಳಿದರೆ 4(ಬಿ). ಅಷ್ಟೂ ತಾಪತ್ರಯ ಬೇಡ, ಸರ್ಕಾರವೇ ಅಧಿಸೂಚನೆ ಹೊರಡಿಸಲಿ ಅಂದರೆ 4(ಜಿ). ಮೂಡಿಗೆರೆ ಕಡೆ ತೋಟದಲ್ಲಿ ಮರ ಹತ್ತಿದರೂ ಫೋರ್ ಜಿ ಸಿಗಲ್ಲ, ವಿಧಾನಸೌಧದಲ್ಲಿ ಮಾತ್ರ ಇದಕ್ಕೆ ಯಾವಾಗಲೂ ಫುಲ್ ಸಿಗ್ನಲ್ಲು.

ಗೌಡರಿಗೆ ಹಳೆಯದೆಲ್ಲ ನೆನಪಾಯಿತು. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಮನೆ ಖರ್ಚಿಗೆ ಬಿಟ್ಟು ಉಳಿದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರದ್ದೂ ಒಟ್ಟಿಗೆ ಸೇರಿಸಿ ಮಾರುವ ರಾಶಿಗೇ, ಸುರಿಯಬೇಕಿತ್ತು. ದುಡ್ಡು ಕಾಫಿಯ ದರ್ಜೆಗೆ ಕೊಟ್ಟ ಪಾಯಿಂಟ್ ಲೆಕ್ಕದಲ್ಲಿ, ಕಂತು ಕಂತಾಗಿ. ಬೆಳೆದವನ ಮದುವೆ ವಯಸ್ಸಿನ ಮಗಳು ಕೊನೇ ಕಂತಿಗೆ ಕಾಯುತ್ತಾ ಕೂರಬೇಕು. 1992ರಲ್ಲಿ ಸ್ವಲ್ಪ ಸಡಿಲವಾಗಿ, 1996ಕ್ಕೆ ಪೂರ್ತಿ ಬಿಡುಗಡೆ. "ಆಗ ನಮಗೆ ಕೊಳ್ಳೋನು ಒಬ್ಬನೇ, ಈಗ ಇವರಿಗೆ ಮಾರೋನು ಒಬ್ಬನೇ. ಕಷ್ಟ ನಮಗೆ ಗೊತ್ತು ಬಿಡಿ," ಅಂದರು. ಇವರಿಗೆ ಅದು ಕಷ್ಟವೇ ಅಲ್ಲ ಗೌಡ್ರೇ, ಸೌಕರ್ಯ!

ನ್ಯಾಯವಾಗಿ ಹೇಳಬೇಕಂದರೆ ವೈದ್ಯರ ಮಾತಲ್ಲೂ ಹುರುಳಿದೆ. ಒಂದು ಕಂಪನಿಯ ಪಂಪು ಒಳಗೆ ಹೋದ ಮೇಲೆ ಅದರ ಡೋಸ್ ಬದಲಿಸುವ ಯಂತ್ರವೂ ಆ ಕಂಪನಿಯದೇ ಆಗಬೇಕು. ಬ್ಯಾಟರಿಯ ಪಂಪಾದರೆ ಕೆಲವು ವರ್ಷಕ್ಕೆ ಅದು ಸಾಯುತ್ತದೆ, ಹೊಟ್ಟೆ ಕೊಯ್ದು ಇಡೀ ಪಂಪನ್ನೇ ಬದಲಿಸಬೇಕು. ಆಗ ಮತ್ತೆ ಅದೇ ಪ್ರಮಾಣಪತ್ರ, ತಾರೀಕು ಮಾತ್ರ ಬೇರೆ. ಮೊದಲ ಸಲ ಸುಮ್ನೆ ಹಾಕಿದ ಸಹಿ ಎಷ್ಟು ವರ್ಷ ಬಾಳುತ್ತದೆ ನೋಡಿ.

"ಸರಿ, ಇಲ್ಲಿಗೂ ಬಂತು ಅಂತಿಟ್ಕೊಳಿ. ಒಳಗೆ ಹಾಕೋ ಔಷಧ?" ಅಂದರು ಗೌಡರು.

ಅಲ್ಲಿ ನಾನು ಸಿಕ್ಕಿಬಿದ್ದೆ. ಅಫೀಮಿಗೆ ಗಸಗಸೆ ಬೆಳೆಯಲು ಸರ್ಕಾರವೇ ಲೈಸೆನ್ಸ್ ಕೊಡುವ ದೇಶ ನಮ್ಮದು. ಆದರೆ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಡಲು ಲೈಸೆನ್ಸ್ ಮೇಲೆ ಲೈಸೆನ್ಸ್ ಬೇಕಾಗಿ, ಎಷ್ಟೋ ಆಸ್ಪತ್ರೆಗಳು ಅದರ ಸಹವಾಸವೇ ಬೇಡ ಅಂದುಬಿಟ್ಟವು. 2014ರಲ್ಲಿ ಇದನ್ನು ಸಡಿಲಿಸುವ ತಿದ್ದುಪಡಿ ಆಯಿತು. ಆದರೂ ಅಗ್ಗದ ಮಾರ್ಫಿನ್ ಮಾತ್ರೆ ಸಿಗದೆ ನರಳುವವರು ಇವತ್ತಿಗೂ ಬಹಳ ಜನ. ಮಾತ್ರೆಗಾಗಿ ಯಾರೂ ಅರ್ಜೆಂಟಾಗಿ ಫೈಲು ಓಡಿಸುವುದಿಲ್ಲ, ಅಲ್ವಾ?

ಗೌಡರು ಕಪ್ಪಿನ ತಳದ ಕಾಫಿ ಹೀರಿ ಎದ್ದರು. "ಹಂಗಾದ್ರೆ ಬೋರಲ್ಲಿ ನೀರಿದೆಯೋ ಇಲ್ಲವೋ ನೋಡದೇನೇ ಮೋಟರ್ ಇಳಿಸ್ತಾರೆ ಅನ್ನಿ. ನಮ್ಮ ಪಂಚಾಯ್ತಿಯವರೂ ಹೋದ ವರ್ಷ ಹಂಗೇ ಮಾಡಿದ್ರು. ಅದೂ ಒಂದೇ ಅಂಗಡೀದು."