ಮಂತ್ರ ಸ್ವಲ್ಪ, ಉಗುಳು ಜಾಸ್ತಿ

ನವೆಂಬರ್ ಬಂತು. ಪೆನ್ಶನ್ ತಗೊಳ್ಳುವವರು ತಾವಿನ್ನೂ ಬದುಕಿದ್ದೇವೆ ಅಂತ ಸಾಬೀತು ಮಾಡುವ ತಿಂಗಳು. ಮನೆಯಲ್ಲೇ ಕೂತು ಫೋನಿಗೆ ಮುಖ ತೋರಿಸಿದರೂ ಆಗುತ್ತೆ. ಆದರೆ ಅಪ್ಪನದು ಬಟನ್ ಫೋನು. ಹಾಗಾಗಿ ಮುಂಬೈ ಪಕ್ಕದ ಡೊಂಬಿವಲಿಯಿಂದ ಲೋಕಲ್ ರೈಲು ಹತ್ತಿಸಿಕೊಂಡು ಅವರ ಬ್ಯಾಂಕಿಗೆ ಹೋದೆ. ಕೌಂಟರಿನ ಗಾಜಿಗೆ ಮರಾಠಿಯಲ್ಲಿ ಚೀಟಿ: 'ತಾಂತ್ರಿಕ ಅಡಚಣ'.

ಅಪ್ಪನಿಗೆ ಮರಾಠಿ ಅಷ್ಟಕ್ಕಷ್ಟೆ. "ಯಾವ ತಾಂತ್ರಿಕನೋ? ಕೊಳ್ಳೇಗಾಲದವನಾ?" ಎಂದರು.

ಅವರ ತಪ್ಪಿಲ್ಲ ಬಿಡಿ. ಕನ್ನಡದಲ್ಲೂ ಮಾಟ ಮಾಡುವವನು ತಾಂತ್ರಿಕ, ಸರ್ವರ್ ಮಲಗಿದರೆ ಕಾರಣವೂ ತಾಂತ್ರಿಕ. ತಾಯತದೊಳಗಿನ ತಾಮ್ರದ ತಗಡು ಯಂತ್ರ, ಬೆರಳೊತ್ತುವ ಡಬ್ಬಿಯೂ ಯಂತ್ರ. ಇಂಗ್ಲಿಷಿನವರೇನು ಕಮ್ಮಿಯೇ? ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿಕೊಡುವ ಕಿಟಕಿಗೆ 'ವಿಝರ್ಡ್', ಅಂದರೆ ಮಂತ್ರವಾದಿ ಅಂತಲೇ ಹೆಸರಿಟ್ಟರು. 'ನೆಕ್ಸ್ಟ್, ನೆಕ್ಸ್ಟ್' ಒತ್ತುತ್ತಾ ಹೋಗಬೇಕು. ಏನಾಗ್ತಿದೆ ಅಂತ ಕೇಳಬಾರದು.

ಒಂದು ಗಂಟೆ ಕಾದ ಮೇಲೆ ಪೂಜೆ ಶುರುವಾಯಿತು. ಗುಮಾಸ್ತರು ಯಂತ್ರದ ವೈರು ಕಿತ್ತರು, ಚುಚ್ಚಿದರು. ಮತ್ತೆ ಕಿತ್ತರು. ಮೂರು ಸಲ. ಗಾಜಿನ ಮೇಲೆ ಹಾ ಅಂತ ಉಸಿರು ಬಿಟ್ಟು ಅಂಗಿಯ ತುದಿಯಿಂದ ಒರೆಸಿದರು. ಅಪ್ಪನ ಹೆಬ್ಬೆರಳು ಒತ್ತಿದ್ದಾಯಿತು. ಕೆಂಪು ದೀಪ. ನಲವತ್ತು ವರ್ಷ ಹೋಟೆಲ್ಲಿನಲ್ಲಿ ಹಿಟ್ಟು ರುಬ್ಬಿದ ಬೆರಳು, ಗೆರೆ ಎಲ್ಲಿ ಉಳಿದಿರುತ್ತೆ? "ಸ್ವಲ್ಪ ಉಗುಳು ಹಚ್ಚಿ ನೋಡಿ ಕಾಕಾ" ಎಂದರು ಗುಮಾಸ್ತರು. ಗಾದೆಯಲ್ಲಷ್ಟೇ ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಅದಕ್ಕೂ ಕೆಂಪು ದೀಪವೇ.

"ನಾನು ಎದುರಿಗೇ ನಿಂತಿದ್ದೀನಲ್ಲಪ್ಪಾ" ಅಂದರು ಅಪ್ಪ.

"ಅದು ನಂಗೆ ಕಾಣುತ್ತೆ ಕಾಕಾ, ಸಿಸ್ಟಮ್ಮಿಗೆ ಕಾಣಬೇಕಲ್ಲ."

ಇಲ್ಲಿ ಮಹಾರಾಷ್ಟ್ರದಲ್ಲಿ ಮಾಟಮಂತ್ರದ ವಿರುದ್ಧ ಕಾನೂನಿದೆ. ನರೇಂದ್ರ ದಾಭೋಲ್ಕರ್ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದ ಮೇಲೆಯೇ ಸರ್ಕಾರಕ್ಕೆ ಸುಗ್ರೀವಾಜ್ಞೆ ಹೊರಡಿಸುವ ಧೈರ್ಯ ಬಂದದ್ದು. ಚಮತ್ಕಾರದ ಹೆಸರಲ್ಲಿ ದುಡ್ಡು ಕಿತ್ತರೆ ಆರು ತಿಂಗಳಿಂದ ಏಳು ವರ್ಷ ಜೈಲು. ಅದು ಒಂದು ಬಗೆಯ ತಾಂತ್ರಿಕರಿಗೆ ಮಾತ್ರ. ಬದುಕಿದ್ದವರನ್ನು ಕಣ್ಣೆದುರೇ ಮಾಯ ಮಾಡುವ ಇನ್ನೊಂದು ಬಗೆಯವರಿಗೆ ಸಂಬಳ, ಪಿಎಫ್ ಎರಡೂ ಉಂಟು. ಬಾಗಿಲಲ್ಲಿ ನಿಂಬೆಹಣ್ಣು, ಮೆಣಸಿನಕಾಯಿಯೂ ತೂಗುತ್ತಿತ್ತು ಅನ್ನಿ.

ಯಾವಾಗ ಸರಿಹೋಗುತ್ತೆ ಅಂತ ಕೇಳಿದೆ. ಗುಮಾಸ್ತರು ಮೇಲಕ್ಕೆ ಕೈ ತೋರಿಸಿದರು. ಹೆಡ್ ಆಫೀಸೋ ದೇವರೋ, ತಿಳಿಯಲಿಲ್ಲ.

ವಾಪಸ್ ಬರುವ ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಬಾಬಾ ಒಬ್ಬರ ಚೀಟಿ ಅಂಟಿತ್ತು. ಸಾಲ, ಸವತಿ, ವೀಸಾ, ವಶೀಕರಣ. ಅಪ್ಪ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಇವನು 24 ಗಂಟೆ ಅಂತಾದ್ರೂ ಹೇಳಿದ್ದಾನೆ ಅಲ್ವಾ? ನಂಬರ್ ಬರ್ಕೋ."