ಅತ್ತಿಬೆಲೆಯಲ್ಲಿ ನಿಂತ ಶುಗರ್

"ಗಾಬರಿ ಏನೂ ಬೇಡ, ಬಾರ್ಡರ್‌ನಲ್ಲಿದ್ದೀರಿ" ಎಂದರು ಡಾಕ್ಟ್ರು.

ಬೆಂಗಳೂರಿನವನಿಗೆ ಬಾರ್ಡರ್ ಅಂದರೆ ಅತ್ತಿಬೆಲೆ. ಒಂದು ಟೋಲು, ಸಾಲು ಲಾರಿ, ಆಚೆ ಹೊಸೂರು. ಅಲ್ಲಿ ನಿಂತು ಎಳನೀರು ಕುಡಿದು ವಾಪಸ್ ಬರಬಹುದು. ಹಾಗಾಗಿ ನನಗೂ ಗಾಬರಿ ಆಗಲಿಲ್ಲ.

ರಿಪೋರ್ಟಿನಲ್ಲಿ ಎಚ್‌ಬಿಎ1ಸಿ 6.1 ಎಂದಿತ್ತು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನದಲ್ಲಿ ಅದಕ್ಕೆ ಎಷ್ಟು ಸಕ್ಕರೆ ಮೆತ್ತಿಕೊಂಡಿತು ಅನ್ನುವುದೇ ಈ ಲೆಕ್ಕ. ಹಿಂದಿನ ರಾತ್ರಿ ಉಪವಾಸವಿದ್ದು, ಬೆಳಿಗ್ಗೆ ಸಾಚಾ ಮುಖ ಮಾಡಿಕೊಂಡು ಹೋದರೆ ಇದು ಮರುಳಾಗುವುದಿಲ್ಲ. ಗಣೇಶನ ಕಡುಬು, ಆಯುಧಪೂಜೆಗೆ ಆಫೀಸಿನಲ್ಲಿ ಕೊಟ್ಟ ಸ್ವೀಟ್ ಬಾಕ್ಸು, ದೀಪಾವಳಿಯ ಕಜ್ಜಾಯ, ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತದೆ. ಥೇಟ್ ನಮ್ಮ ಸೋದರತ್ತೆ.

5.7ರಿಂದ 6.4ರ ತನಕ ಬಾರ್ಡರ್, 6.5 ಆದರೆ ಸಕ್ಕರೆ ಕಾಯಿಲೆ. ಇದು ಅಮೆರಿಕದವರ ಲೆಕ್ಕ. ಖಾಲಿ ಹೊಟ್ಟೆಯಲ್ಲಿ ನನ್ನ ಶುಗರ್ 106 ಇತ್ತು. ಅಮೆರಿಕದವರಿಗೆ ಬಾರ್ಡರ್ 100ಕ್ಕೇ ಶುರು. ವಿಶ್ವ ಆರೋಗ್ಯ ಸಂಸ್ಥೆಗೆ 110 ಆಗಬೇಕು. ಅಂದರೆ ಈ ಒಂದು ಅಂಕಿಯಲ್ಲಿ ನಾನು ನ್ಯೂಯಾರ್ಕಿನಲ್ಲಿ ಅರೆ ರೋಗಿ, ಜಿನೀವಾದಲ್ಲಿ ಗಟ್ಟಿಮುಟ್ಟು. ಬೆಳಗಾವಿ ಗಡಿಗಾದರೂ 1967ರಲ್ಲಿ ಮಹಾಜನ ವರದಿ ಬಂತು. ನನ್ನ ಗಡಿಗೆ ಅದೂ ಇಲ್ಲ.

ಡಾಕ್ಟ್ರು ಚೀಟಿಯಲ್ಲಿ ನಾಲ್ಕು ಸಾಲು ಬರೆದರು. ಅನ್ನ ಅರ್ಧ ಮಾಡಿ. ಪಲ್ಯ, ಕಾಳು, ಮೊಸರು ಜಾಸ್ತಿ ಮಾಡಿ. ಜ್ಯೂಸು, ಸ್ವೀಟು ಬಿಡಿ. ಊಟ ಆದ ಮೇಲೆ ನಡೆಯಿರಿ.

"ಮಾತ್ರೆ?"

"ಸದ್ಯಕ್ಕೆ ಬೇಡ."

"ಪುಡಿ, ಗಿಡಿ?"

"ಏನೂ ಬೇಡ. ಐದಾರು ಕೆಜಿ ಇಳಿಸಿ ಸಾಕು."

ಆಮೇಲೆ ಒಂದು ಕಥೆ ಹೇಳಿದರು. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂತು. ನನ್ನಂಥ ಬಾರ್ಡರ್ ಜನರಿಗೆ ತೂಕ ನೂರಕ್ಕೆ ಏಳರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ ಎಂದು ಹೇಳಿ, ಹಿಂದೆ ಬಿದ್ದು ಮಾಡಿಸಿದರು. ಅವರಲ್ಲಿ ಸಕ್ಕರೆ ಕಾಯಿಲೆ ಬರುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ನುಂಗಿದವರಲ್ಲಿ 31ರಷ್ಟು. 2006ರಲ್ಲಿ ಚೆನ್ನೈಯವರು ನಮ್ಮ ಜನರ ಮೇಲೇ ನೋಡಿದರು. ಊಟ ತಿದ್ದಿ, ನಡೆಸಿದ್ದಕ್ಕೆ ಸುಮಾರು 28ರಷ್ಟು ಕಡಿಮೆಯಾಯಿತು. ಅಮೆರಿಕದ ಉಪಾಯ ಅತ್ತಿಬೆಲೆಯ ಆಚೆ ಚೆನ್ನೈಯಲ್ಲೂ ಕೆಲಸ ಮಾಡುತ್ತದೆ ಅಂತಾಯಿತು.

ನನ್ನ ತೂಕ 82. ಏಳು ಪರ್ಸೆಂಟ್ ಅಂದರೆ ಐದೂ ಮುಕ್ಕಾಲು ಕೆಜಿ. ಲೆಕ್ಕ ಸರಿ ಇದೆ. ಆದರೂ ಐನೂರು ರೂಪಾಯಿ ಕೊಟ್ಟು ಹೊರಗೆ ಬರುವಾಗ ಮೋಸ ಹೋದ ಹಾಗೆ ಅನಿಸಿತು. ಕಮ್ಮಿ ತಿನ್ನು ಅಂತ ನಮ್ಮಜ್ಜಿ ಬಿಟ್ಟಿಯಾಗಿ ಹೇಳುತ್ತಿದ್ದಳು, ಬೈಗುಳದ ಸಮೇತ.

ಅಲ್ಲಿಂದ ನನ್ನನ್ನು ಊರು ವಹಿಸಿಕೊಂಡಿತು.

ಕಮ್ಮಿ ತಿನ್ನುವುದಕ್ಕೆ ಬೆಂಗಳೂರಿನಲ್ಲಿ ಅಂಗಡಿ ಇಲ್ಲ, ನೋಡಿ. ಜಿಎಸ್‌ಟಿ ಹಾಕೋಕೆ ಆಗಲ್ಲ, ಡಿಸ್ಕೌಂಟ್ ಕೊಡೋಕೆ ಆಗಲ್ಲ, ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸೋಕೆ ಆಗಲ್ಲ. ಹಾಗಾಗಿ ಈ ಊರು ಕಮ್ಮಿ ತಿನ್ನಬೇಕಾದವನಿಗೆ ಇನ್ನೂ ಏನಾದರೂ ತಿನ್ನಿಸುತ್ತದೆ. ಫ್ಯಾಮಿಲಿ ಗ್ರೂಪಿನಲ್ಲಿ ಸುದ್ದಿ ಹಾಕಿದ ದಿನ ಸಂಜೆಯೊಳಗೆ ನಾನು ತಿನ್ನಬೇಕಾದ ಪದಾರ್ಥಗಳು ಹನ್ನೊಂದಾಗಿದ್ದವು. ನೆನೆಸಿದ ಮೆಂತ್ಯ, ಅಮೃತಬಳ್ಳಿ, ನೇರಳೆ ಬೀಜದ ಪುಡಿ, ಬೆಂಡೆಕಾಯಿ ಅದ್ದಿಟ್ಟ ನೀರು, ಇನ್ಸುಲಿನ್ ಗಿಡದ ಎಲೆ. "ಅಣ್ಣ, ಇದರ ಜತೆ ನಾಲ್ಕು ಖರ್ಜೂರ, ಶಕ್ತಿಗೆ" ಅಂತ ತಂಗಿ ಸೇರಿಸಿದಳು. ಯಾವುದನ್ನಾದರೂ ಬಿಡು ಅಂತ ಒಬ್ಬರೂ ಬರೆಯಲಿಲ್ಲ. ಫೋನಿಗೆ ಹಾಕಿಕೊಂಡ ಆ್ಯಪ್ ದಿನಕ್ಕೆ ಆರು ಸಲ ತಿನ್ನಲು ಹೇಳಿತು. ಮೂರು ಹೊತ್ತು ಉಂಡವ ರೋಗಿ ಅನ್ನುತ್ತಿದ್ದರು ಹಿರಿಯರು. ಆರು ಹೊತ್ತು ಉಂಡವ ಪ್ರೀಮಿಯಂ ಮೆಂಬರ್.

ನಡಿಗೆಗೆ ಲಾಲ್‌ಬಾಗಿಗೆ ಹೋದೆ. 240 ಎಕರೆ ತೋಟ. ನಮ್ಮ ಗುಂಪಿನವರು ಕೆರೆ ತನಕ ಹೋಗಿ ತಿರುಗಿದರು. ಗೇಟಿನ ಹೊರಗೆ ಹಾಗಲಕಾಯಿ, ಬೇವು, ಬೂದುಗುಂಬಳದ ರಸ. ಒಂದು ಲೋಟ ಹಾಗಲಕಾಯಿ ಕುಡಿದವನ ಮುಖ ನೋಡಬೇಕು. ಪಾಪ ತೊಳೆದುಕೊಂಡ ಭಕ್ತನ ಮುಖ. ತೊಳೆದ ಮೇಲೆ ಹೊಸ ಪಾಪಕ್ಕೆ ಜಾಗವಾಗುತ್ತದೆ ತಾನೇ? ಎಲ್ಲರೂ ಸೀದಾ ಗಾಂಧಿಬಜಾರ್ ಕಡೆ ನಡೆದರು. "ಬಾಯಿ ಕಹಿ ಆಯ್ತಲ್ಲ" ಎನ್ನುತ್ತಾ ಒಂದು ಮಸಾಲೆ, ಒಂದು ಕೇಸರಿಬಾತು, ಕೊನೆಗೆ ಬೈಟು ಕಾಫಿ, ಸಕ್ಕರೆ ಇಲ್ಲದೆ.

ಸಿರಿಧಾನ್ಯದ ಕಥೆಯೇ ಬೇರೆ. 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷ. ವಿಶ್ವಸಂಸ್ಥೆಯೇ ಘೋಷಿಸಿತ್ತು. ವರ್ಷ ಮುಗಿಯಿತು, ಪ್ಯಾಕೆಟ್ಟು ಮುಗಿಯಲಿಲ್ಲ. ನವಣೆ, ಸಾಮೆ, ಊದಲು, ಹಾರಕ ಒಳ್ಳೆಯವೇ. ನಾರಿನಂಶ ಇದೆ, ಪಾಲಿಷ್ ಮಾಡಿದ ಅಕ್ಕಿಗಿಂತ ವಾಸಿ. ನನ್ನ ತಕರಾರು ಧಾನ್ಯದ ಮೇಲಲ್ಲ, ಅದಕ್ಕೆ ಕಟ್ಟಿದ ದೇವಸ್ಥಾನದ ಮೇಲೆ. ನವಣೆ ಜಾಮೂನು, ರಾಗಿ ಐಸ್‌ಕ್ರೀಮು, ಸಜ್ಜೆ ಕುಕೀಸು, ಸಾಮೆ ಹೋಳಿಗೆ. ಹೋಳಿಗೆಯ ಮೇಲೆ ಹಸಿರು ಅಕ್ಷರದಲ್ಲಿ "ಸಕ್ಕರೆ ಇಲ್ಲ, ಶುದ್ಧ ಬೆಲ್ಲ". ಕಬ್ಬು ಇದನ್ನು ಓದಿದರೆ ಗದ್ದೆಯಲ್ಲೇ ನಗುತ್ತದೆ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಇನ್ನು 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲಿ 70ರ ಆಸುಪಾಸು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಾರಿದೆ, ಹಳೇ ಮೈಸೂರಿನವರ ಮರ್ಯಾದೆಯೂ ಇದೆ. ಆದರೆ ಹಿಟ್ಟು ನುಣ್ಣಗಾದಷ್ಟೂ ಶುಗರ್ ಬೇಗ ಏರುತ್ತದೆ. ಎರಡು ಮುದ್ದೆ ನುಂಗಿ "ಅನ್ನ ಬಿಟ್ಟಿದ್ದೀನಿ" ಅಂದರೆ ರಕ್ತಕಣ ನಂಬಲ್ಲ. ಅದು ಸೋದರತ್ತೆ ಅಂತ ಆಗಲೇ ಹೇಳಿದೆನಲ್ಲ.

ನಮ್ಮ ಮಹಡಿ ಮೇಲಿನ ಬಾಡಿಗೆಯ ಹುಡುಗ ಸಾಫ್ಟ್‌ವೇರ್. ಶುಗರ್ ಇಲ್ಲ. ಆದರೂ ತೋಳಿಗೆ ಎರಡು ವಾರ ಶುಗರ್ ಅಳೆಯುತ್ತಲೇ ಇರುವ ಒಂದು ಬಿಲ್ಲೆ ಅಂಟಿಸಿಕೊಂಡಿದ್ದಾನೆ. ತಿಂದಿದ್ದೆಲ್ಲ ಫೋನಿನಲ್ಲಿ ಗೆರೆಯಾಗಿ ಕಾಣುತ್ತದೆ. ಬೆಣ್ಣೆ ದೋಸೆಗೆ ನಂದಿಬೆಟ್ಟ ಬಂತು ಅಂಕಲ್, ಚೌಚೌಬಾತಿಗೆ ಸಾವನದುರ್ಗ ಅಂತ ತೋರಿಸಿದ. "ಹಾಗಾದರೆ ಬಿಡಬಹುದಲ್ಲಪ್ಪಾ" ಎಂದೆ. "ಒಂದೇ ಹೋಟೆಲಿನ ಡೇಟಾ ಸಾಲಲ್ಲ ಅಂಕಲ್" ಎಂದು ಮಲ್ಲೇಶ್ವರಕ್ಕೆ ಹೊರಟ.

ಇದೆಲ್ಲ ಒಬ್ಬೊಬ್ಬರ ಖಾಸಗಿ ಹುಚ್ಚು ಅನ್ನಬಹುದು. ಸಾರ್ವಜನಿಕ ಹುಚ್ಚು ನೋಡಬೇಕಾದರೆ ನಮ್ಮ ಬಡಾವಣೆಯ ಕ್ಯಾಂಪಿಗೆ ಬರಬೇಕಿತ್ತು.

ನವೆಂಬರ್ 14 ವಿಶ್ವ ಮಧುಮೇಹ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ ದಿನ. ನೆಹರೂ ಹುಟ್ಟಿದ್ದೂ ಅದೇ ತಾರೀಖು. ತಿಂಗಳು ಪೂರ್ತಿ ರಾಜ್ಯೋತ್ಸವ ಹೇಗೂ ಇದ್ದೇ ಇರುತ್ತದೆ. ನಮ್ಮ ಸಂಘದ ಕಾರ್ಯದರ್ಶಿ ಉಳಿತಾಯದ ಮನುಷ್ಯ. ಒಂದೇ ಶಾಮಿಯಾನದಲ್ಲಿ ಮೂರೂ ಮುಗಿಸಿದರು. ಎಡಗಡೆ ಮಕ್ಕಳಿಗೆ ಚಾಕಲೇಟು, ಬಲಗಡೆ ಅಪ್ಪ ಅಮ್ಮಂದಿರ ಬೆರಳಿಗೆ ಸೂಜಿ, ನಡುವೆ ಭುವನೇಶ್ವರಿ. ಮೇಲೆ ಫ್ಲೆಕ್ಸು: "ಮಧುಮೇಹ ಮುಕ್ತ ಬಡಾವಣೆ". ಅದರಲ್ಲಿ ಹದಿನೆಂಟು ಮುಖ, ಹದಿನೆಂಟೂ ದುಂಡಗೆ.

ಫಾಸ್ಟಿಂಗ್ ಟೆಸ್ಟು ಏಳು ಗಂಟೆಗೆ ಎಂದಿದ್ದರು. ಆದರೆ ಉದ್ಘಾಟನೆ ಆಗದೆ ಬೆರಳು ಚುಚ್ಚುವ ಹಾಗಿಲ್ಲ. ಉದ್ಘಾಟಕರು ಮಾಜಿ ಕಾರ್ಪೊರೇಟರ್. 2020ರಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗದೆ ನಮ್ಮೂರಿನಲ್ಲಿ ಸಿಕ್ಕಿದ್ದೆಲ್ಲ ಮಾಜಿಗಳೇ. ಮಾಜಿಗೆ ಕೆಲಸ ಕಡಿಮೆ, ಕಾರ್ಯಕ್ರಮ ಜಾಸ್ತಿ. ಬಂದಾಗ ಹತ್ತೂವರೆ. ಅಷ್ಟರಲ್ಲಿ ಶಾಮಿಯಾನದ ಹಿಂದೆ ಕೇಸರಿಬಾತಿಗೆ ತುಪ್ಪ ಬಿದ್ದ ವಾಸನೆ. ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಹೋಗಿ ಕಾಫಿ ಕುಡಿದು ಬಂದರು.

"ಕಾಫಿ, ಎರಡು ಬಿಸ್ಕತ್ತು ಅಷ್ಟೇ ತಗೊಂಡಿದ್ದು. ಫಾಸ್ಟಿಂಗೇ ಅಲ್ವಾಮ್ಮ?" ಎಂದು ಎದುರುಮನೆ ಆಂಟಿ ಕೇಳಿದರು.

"ಇಡ್ಲಿ ತಿಂದಿಲ್ಲ ತಾನೇ ಆಂಟಿ? ಹಾಗಾದರೆ ಫಾಸ್ಟಿಂಗೇ" ಎಂದು ಬರೆದುಕೊಂಡಳು ಸ್ವಯಂಸೇವಕಿ.

ಬೆಳಿಗ್ಗೆಯೇ ಶುಗರ್ ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ನಿಂತಿದ್ದ ಹಿರಿಯರೊಬ್ಬರಿಗೆ ಬೆವರಿ ಕೈ ನಡುಗತೊಡಗಿತು. ಶುಗರ್ ಕೆಳಗಿಳಿದಿತ್ತು. ಓಡಿಹೋಗಿ ಕೇಸರಿಬಾತು ತಂದು ತಿನ್ನಿಸಿದರು. ಆ ದಿನ ಇಡೀ ಕ್ಯಾಂಪಿನಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕಿದ್ದು ಅವರೊಬ್ಬರಿಗೇ.

ದೀಪ ಬೆಳಗಿದರು. ಮೊದಲ ಬೆರಳು ಮಾಜಿಯವರದು. ಫೋಟೋ ಸರಿ ಬರಲಿಲ್ಲ ಎಂದು ಎರಡನೇ ಬೆರಳಿಗೂ ಚುಚ್ಚಿದರು. ಮೀಟರ್ 212 ತೋರಿಸಿತು. ನರ್ಸಮ್ಮ ಕಾರ್ಯದರ್ಶಿಯ ಮುಖ ನೋಡಿದಳು. ಕಾರ್ಯದರ್ಶಿ ಮೈಕ್ ಹಿಡಿದು, "ನಮ್ಮ ನೆಚ್ಚಿನ ನಾಯಕರ ಶುಗರ್ ನಾರ್ಮಲ್!" ಎಂದರು. ಭಾರಿ ಚಪ್ಪಾಳೆ.

ಆಮೇಲೆ ಭಾಷಣ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, 13.6 ಕೋಟಿ ಜನ ಬಾರ್ಡರ್‌ನಲ್ಲಿ ಎಂದು ಓದಿದರು. ಅದಕ್ಕೂ ಚಪ್ಪಾಳೆ ಬಿತ್ತು. ಯಾವುದೋ ಯೋಜನೆಯ ಫಲಾನುಭವಿಗಳು ಎಂದುಕೊಂಡಿರಬೇಕು. ಒಂದೇ ಕಡೆ ತುಂಬಾ ಹೊತ್ತು ಕೂರಬಾರದು ಎನ್ನುವುದನ್ನು ನಲವತ್ತು ನಿಮಿಷ ವಿವರಿಸಿದರು. ನಾವು ಕೂತು ಕೇಳಿದೆವು.

ಭಾಷಣದ ನಂತರ ಜಾಥಾ ಇತ್ತು. ಮುಖ್ಯರಸ್ತೆಯ ಫುಟ್‌ಪಾತಿನಲ್ಲಿ ಒಂದು ಕಿಲೋಮೀಟರ್. ಆದರೆ ಹಿಂದಿನ ರಾತ್ರಿ ಯಾರೋ ಕೇಬಲ್ಲಿಗೆ ಅಗೆದಿದ್ದರು. ಅಗೆಯದ ಕಡೆ ಟ್ರಾನ್ಸ್‌ಫಾರ್ಮರ್, ಅದು ಇಲ್ಲದ ಕಡೆ ಸ್ಕೂಟರ್. ವಾರಕ್ಕೆ 150 ನಿಮಿಷ ನಡೆಯಿರಿ ಎಂದ ಅಮೆರಿಕದವರು ಎಲ್ಲಿ ನಡೆಯಬೇಕು ಅಂತ ಹೇಳಿಲ್ಲ. ಕೊನೆಗೆ "ನಡೆಯಿರಿ, ಶುಗರ್ ತಡೆಯಿರಿ" ಎಂದು ಕೂಗುತ್ತಾ ಶಾಮಿಯಾನಕ್ಕೇ ಮೂರು ಪ್ರದಕ್ಷಿಣೆ ಹಾಕಿದೆವು. ಮೂರನೇ ಸುತ್ತು ಕೇಸರಿಬಾತಿನ ಕೌಂಟರಿನ ಎದುರು ತಾನಾಗಿ ನಿಂತಿತು.

ಪಕ್ಕದಲ್ಲೇ ಪ್ರಾಯೋಜಕರ ಮಳಿಗೆಗಳು. ಒಂದರಲ್ಲಿ ಶುಗರ್‌ಫ್ರೀ ಸ್ವೀಟು. "ಸಕ್ಕರೆ ಒಂದು ಕಾಳೂ ಇಲ್ಲ ಸಾರ್, ಬರೀ ಖೋವಾ, ತುಪ್ಪ, ಗೋಡಂಬಿ" ಎಂದ ಹುಡುಗ. ಇಳಿಸಬೇಕಾದ ಐದೂ ಮುಕ್ಕಾಲು ಕೆಜಿ ಆ ತಟ್ಟೆಯಿಂದ ನನ್ನನ್ನೇ ನೋಡುತ್ತಿತ್ತು. ಇನ್ನೊಂದರಲ್ಲಿ ಟೆಸ್ಟ್ ಪ್ಯಾಕೇಜು, ದಂಪತಿಗೆ ರಿಯಾಯಿತಿ. ಮತ್ತೊಂದರಲ್ಲಿ ಎಣ್ಣೆ, ಸಕ್ಕರೆ ಎಷ್ಟಿದೆ ಎಂದು ತೋರಿಸುವ ಬೋರ್ಡುಗಳು. ಕೇಂದ್ರ ಆರೋಗ್ಯ ಸಚಿವಾಲಯ ಕಚೇರಿಗಳಲ್ಲಿ ಇಂಥವನ್ನು ಹಾಕಿ ಎಂದು 2025ರಲ್ಲಿ ಹೇಳಿದಾಗ, ಸಮೋಸ ಜಿಲೇಬಿಗೆ ಸಿಗರೇಟಿನ ಹಾಗೆ ಎಚ್ಚರಿಕೆ ಹಾಕುತ್ತಾರಂತೆ ಎಂದು ದೇಶವೇ ಕೂಗಾಡಿತು. ಹಾಗೇನಿಲ್ಲ ಎಂದು ಸಚಿವಾಲಯ ಸಮಾಧಾನ ಹೇಳಬೇಕಾಯಿತು. ನಮ್ಮ ಆಫೀಸಿನಲ್ಲೂ ಒಂದು ತೂಗುಹಾಕಿದ್ದಾರೆ, ಬಜ್ಜಿ ಕೌಂಟರಿನ ಮೇಲೆ. ಬಜ್ಜಿ ಬೇಯುವ ತನಕ ಓದಲು ಚೆನ್ನಾಗಿದೆ.

ಬಹುಮಾನ ವಿತರಣೆಯೂ ಇತ್ತು. ಅತಿ ಕಡಿಮೆ ಶುಗರ್ ಬಂದವರಿಗೆ ಅರ್ಧ ಕೆಜಿ ಮೈಸೂರ್ ಪಾಕ್. ಗೆದ್ದವರು ಅದೇ ಕೈ ನಡುಗಿದ ಹಿರಿಯರು. ಅವರ ರೀಡಿಂಗು 61 ಇತ್ತಂತೆ.

ನನ್ನ ಬೆರಳಿನ ಸರದಿ ಬಂದಾಗ ಸ್ಟ್ರಿಪ್ಪು ಮುಗಿದಿತ್ತು. "ಪರವಾಗಿಲ್ಲ ಸಾರ್, ನಿಮ್ಮದು ಬಾರ್ಡರ್ ಅಂತ ಗೊತ್ತಲ್ಲ" ಎಂದು ಸ್ವಯಂಸೇವಕಿ ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡಳು. ಊಟದ ಟೋಕನ್ ಮಾತ್ರ ಎರಡು ಕೊಟ್ಟಳು.

ಮೊನ್ನೆ ಸಂಘದ ಗ್ರೂಪಿನಲ್ಲಿ ಮೆಸೇಜು ಬಂದಿದೆ. ಕ್ಯಾಂಪು ಯಶಸ್ವಿಯಾಗಿದ್ದರಿಂದ ಸಂಕ್ರಾಂತಿಗೆ ಎರಡನೇ ಹಂತ. ಎಳ್ಳು ಬೀರಲು ಬರುವವರಿಗೆಲ್ಲ ಅಲ್ಲೇ ಟೆಸ್ಟು. ಜಾಗೃತಿ ಮೂಡಲಿ ಎಂದು ಈ ಸಲ ಸಕ್ಕರೆ ಅಚ್ಚನ್ನು ಗ್ಲುಕೋಮೀಟರ್ ಆಕಾರದಲ್ಲಿ ಮಾಡಿಸುತ್ತಾರಂತೆ. ಅಚ್ಚಿನ ಮೇಲೆ ಯಾವ ನಂಬರ್ ಇರಬೇಕು ಅಂತ ಗ್ರೂಪಿನಲ್ಲಿ ವೋಟಿಂಗ್ ನಡೀತಿದೆ. ನಾನು 99ಕ್ಕೆ ಹಾಕಿದ್ದೇನೆ.