ಅಲ್ಲಿನ ಮಗುವಿಗೊಂದು, ನಮ್ಮ ಮಗುವಿಗೊಂದು ಯಾಕೆ?

ಕೆಲವು ಬ್ರ್ಯಾಂಡುಗಳನ್ನು ಜನ ಯಾಕೆ ದೂರ ಇಡುತ್ತಾರೆ ಎಂಬ ಲೇಖನ ಓದಿದೆ. ನನ್ನ ಕಾರಣ ಹೇಳುತ್ತೇನೆ. ಮೊಮ್ಮಗಳಿಗೆ ನಾನು ನೆಸ್ಲೆ ಕಂಪನಿಯ ಮಕ್ಕಳ ಆಹಾರದ ಪುಡಿ ಸೆರೆಲಾಕ್ ತರುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಕಂಪನಿಗಳ ನಡೆಯ ಮೇಲೆ ಕಣ್ಣಿಡುವ ಸ್ವಿಟ್ಜರ್‌ಲ್ಯಾಂಡಿನ ಪಬ್ಲಿಕ್ ಐ ಸಂಸ್ಥೆಯ ವರದಿ ಬಂತು. ನೆಸ್ಲೆ ಇಲ್ಲಿ ಮಾರುತ್ತಿದ್ದ ಸೆರೆಲಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ ಸುಮಾರು 3 ಗ್ರಾಂ ಸಕ್ಕರೆ ಸೇರಿಸಿತ್ತಂತೆ. ಜರ್ಮನಿ, ಬ್ರಿಟನ್‌ನಲ್ಲಿ ಮಾರುವುದಕ್ಕೆ ಸೇರಿಸಿರಲಿಲ್ಲ. ಸಕ್ಕರೆಗಿಂತ ಜಾಸ್ತಿ ಈ ಭೇದವೇ ನನಗೆ ನೋವು ಕೊಟ್ಟಿತು. ನಿಯಮ ಮೀರಿಲ್ಲ ಎಂದು ಕಂಪನಿ ಹೇಳಿತು. ಆಮೇಲೆ ಸಂಸ್ಕರಿಸಿದ ಸಕ್ಕರೆ ಸೇರಿಸದ ಬಗೆಗಳನ್ನೂ ತಂದಿತು, ಒಳ್ಳೆಯದೇ. ಆದರೆ ಹೋದ ನಂಬಿಕೆ ಅಷ್ಟು ಬೇಗ ಬರುವುದಿಲ್ಲ.

ಇದೇ ಕಂಪನಿ ತಾಯಿಹಾಲಿನ ಬದಲು ಕೊಡುವ ಮಕ್ಕಳ ಹಾಲಿನ ಪುಡಿಗೆ ಮಾಡುತ್ತಿದ್ದ ಪ್ರಚಾರದ ವಿರುದ್ಧ 1977ರಲ್ಲೇ ಅಮೆರಿಕದಲ್ಲಿ ಬಹಿಷ್ಕಾರ ಶುರುವಾಗಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಥ ಮಾರಾಟಕ್ಕೆ ನೀತಿ ಸಂಹಿತೆ ತಂದಿತು. 1992ರಲ್ಲಿ ನಮ್ಮಲ್ಲೂ ಕಾನೂನು ಬಂತು. ಜನ ಸುಮ್ನೆ ಕೂತಿದ್ದರೆ ಇದೆಲ್ಲ ಆಗುತ್ತಿತ್ತಾ?

ನಮ್ಮ ಮನೆಯಲ್ಲಿ ಈಗ ಮಗುವಿಗೆ ರಾಗಿ ಸರಿ ಮಾಡಿ ಕೊಡುತ್ತೇವೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಮೂರ್ನಾಲ್ಕು ದಿನ ಹಿಡಿಯುತ್ತದೆ, ನಿಜ. ಮಗು ಬಟ್ಟಲು ಖಾಲಿ ಮಾಡುತ್ತಾಳೆ.